ಕಲಿಸುವವರೂ ಕಲಿಯಬೇಕಲ್ಲ

ಹಲಗೇರಿಯಲ್ಲಿ ನಮ್ಮ ಹುಡುಗರು ಕಬಡ್ಡಿ ಆಡುವ ಜಾಗದ ಬದಿಗೆ ಈಗ ಒಂದು ನೀರಿನ ಕೊಡ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಉದ್ದನೆಯ ನೋಟ್‌ಬುಕ್. ನೋಡಿದವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಆದರೆ ಇವೆರಡು ಅಲ್ಲಿಗೆ ಬರಲು ಹದಿನೈದು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ನಾವು ಹುಡುಗರಿದ್ದಾಗ ನಮಗೆ ಕಬಡ್ಡಿ ಕಲಿಸಿದವರು ಊರಿನ ಒಬ್ಬ ಅಣ್ಣ. ಹಗಲು ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೆಲಸ. ಸಂಜೆ ಬಸ್ ಇಳಿದವರೇ ಮನೆಗೂ ಹೋಗದೆ ನಮ್ಮ ಕಡೆ ಬರುತ್ತಿದ್ದರು. ಯಾರಿಂದಲೂ ಒಂದು ರೂಪಾಯಿ ಕೇಳಿದವರಲ್ಲ. ನಮ್ಮ ಮೊಣಕಾಲಿನ ಪಟ್ಟಿಗಳನ್ನೂ ಸ್ವಂತ ದುಡ್ಡಿನಲ್ಲಿ ತಂದುಕೊಟ್ಟವರು. ಅವರಿಗೆ ಯಾರೂ ಕಲಿಸಿರಲಿಲ್ಲ. ತಾವು ಆಡಿದ್ದನ್ನು, ಬೇರೆ ಊರಿನವರ ಆಟ ನೋಡಿ ತಿಳಿದದ್ದನ್ನು ನಮಗೆ ಹೇಳಿಕೊಟ್ಟರು.

ಜಾತ್ರೆಯಲ್ಲಿ, ಗಣೇಶನ ಹಬ್ಬದಲ್ಲಿ ತೂಕದ ಕಬಡ್ಡಿ ನಡೆಯುವುದು ನಿಮಗೂ ಗೊತ್ತು. 55 ಕೆ.ಜಿ. ವಿಭಾಗ ಅಂದರೆ ತಕ್ಕಡಿ ಮೇಲೆ ನಿಂತಾಗ ಅದಕ್ಕಿಂತ ಒಂದು ಗುಂಜಿಯೂ ಹೆಚ್ಚಿರಬಾರದು. ನಮ್ಮಲ್ಲಿ ನಾಲ್ಕೈದು ಜನ 57, 58 ತೂಗುತ್ತಿದ್ದೆವು. ಆಗ ಅಣ್ಣ ಹೇಳಿದ್ದು ಇಷ್ಟೇ: ‘ನಾಳೆ ತೂಕ ಆಗೋತನಕ ನೀರು ಮುಟ್ಟಬ್ಯಾಡ್ರಿ. ಸ್ವೆಟರ್ ಹಾಕ್ಕೊಂಡು ಓಡ್ರಿ.’ ಏಪ್ರಿಲ್ ಬಿಸಿಲಲ್ಲಿ ನಾವು ಸ್ವೆಟರ್ ಹಾಕಿಕೊಂಡು ಓಡಿದೆವು. ತೂಕ ಇಳಿಯಿತು. ಎಲ್ಲರೂ ಪಾಸಾದೆವು.

ಎರಡನೇ ಪಂದ್ಯದಲ್ಲಿ ನಮ್ಮ ರೈಡರ್ ಎದುರಾಳಿ ಅಂಕಣಕ್ಕೆ ಹೋದವನು ಯಾರೂ ಮುಟ್ಟದೆಯೇ ಬಿದ್ದ. ಮೊದಲು ಜನ ನಕ್ಕರು. ಅವನು ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು, ಬೆವರೇ ಇರಲಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ರಾಣೆಬೆನ್ನೂರಿಗೆ ಓಡಿದೆವು. ರಾತ್ರಿಯೆಲ್ಲ ಸಲೈನ್ ಏರಿತು. ಬೆಳಗಿನ ಜಾವ ಅವನು ಕಣ್ಣು ಬಿಟ್ಟು ನೀರು ಕೇಳಿದ. ಅಣ್ಣ ಆಸ್ಪತ್ರೆ ಹೊರಗಿನ ಕಟ್ಟೆ ಮೇಲೆ ಕುಳಿತವರು ಬೆಳಗಿನ ತನಕ ಎದ್ದಿರಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮುಂದೆ ನಾವು ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸಕ್ಕೆ ಬಂದೆವು. ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳ ಸುದ್ದಿ ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ಗೆದ್ದವರ ಹೆಸರು, ಫೋಟೊ, ಕೊನೆಯ ಸಾಲಿನಲ್ಲಿ ‘ತರಬೇತುದಾರರು ಅಭಿನಂದಿಸಿದ್ದಾರೆ’. ಈ ತರಬೇತುದಾರರು ಎಲ್ಲಿ ಕಲಿತವರು ಅಂತ ಒಂದು ಸಲವೂ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಆಟ ಬರುವುದು ಬೇರೆ, ಆಟ ಕಲಿಸುವುದು ಬೇರೆ. ಕಲಿಸುವುದನ್ನೇ ಹೇಳಿಕೊಡಲು ನಮ್ಮ ದೇಶದಲ್ಲಿ 1961ರ ಮೇ ತಿಂಗಳಲ್ಲಿ ಪಂಜಾಬಿನ ಪಟಿಯಾಲದಲ್ಲಿ ಒಂದು ಸಂಸ್ಥೆ ಶುರುವಾಯಿತು. ಮಹಾರಾಜರ ಮೋತಿಬಾಗ್ ಅರಮನೆಯೇ ಅದರ ಕಟ್ಟಡ. ಜನ ಅದನ್ನು ಎನ್‌ಐಎಸ್ ಅನ್ನುತ್ತಾರೆ. ಈಗ ಅದು ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದರೆ ಸಾಯ್ ಕೆಳಗಿದೆ. ಅಲ್ಲಿ ಒಂದು ವರ್ಷದ ಕೋಚಿಂಗ್ ಡಿಪ್ಲೊಮಾ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಕಲಿಸುವುದು ಬರೀ ಪಟ್ಟು, ಹಿಡಿತಗಳನ್ನಲ್ಲ. ಮೂಳೆ ಮತ್ತು ಸ್ನಾಯು ಹೇಗೆ ಕೆಲಸ ಮಾಡುತ್ತವೆ, ಊಟ ಏನಿರಬೇಕು, ಗಾಯವಾದಾಗ ಏನು ಮಾಡಬೇಕು, ಸೋತ ಹುಡುಗನ ಹತ್ತಿರ ಹೇಗೆ ಮಾತಾಡಬೇಕು, ವರ್ಷದ ಅಭ್ಯಾಸವನ್ನು ತಿಂಗಳು ತಿಂಗಳಿಗೆ ಹೇಗೆ ಹಂಚಬೇಕು, ಇವೆಲ್ಲ ಅಲ್ಲಿ ಪಾಠ.

ಪಿ.ಟಿ. ಉಷಾ ಹೆಸರು ಎಲ್ಲರಿಗೂ ಗೊತ್ತು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅವರಿಗೆ ಕಂಚು ತಪ್ಪಿತು. ಅವರನ್ನು ಅಲ್ಲಿಯತನಕ ತಂದವರು ಒ.ಎಂ. ನಂಬಿಯಾರ್. ವಾಯುಸೇನೆಯಲ್ಲಿದ್ದು, ಪಟಿಯಾಲದಲ್ಲಿ ಕೋಚಿಂಗ್ ಕಲಿತು, ಕೇರಳದ ಕಣ್ಣೂರಿನಲ್ಲಿ ಶಾಲಾ ಹುಡುಗಿಯಾಗಿದ್ದ ಉಷಾರನ್ನು ಗುರುತಿಸಿದವರು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲಿ ಅದನ್ನು ಪಡೆದವರಲ್ಲಿ ಅವರೂ ಒಬ್ಬರು. ನಮ್ಮ ಕಬಡ್ಡಿಯಲ್ಲೇ ನೋಡಿ. ಕರ್ನಾಟಕದ ಬಿ.ಸಿ. ರಮೇಶ್ ಆಡಿ ಹೆಸರು ಮಾಡಿದವರು. ಆಮೇಲೆ ಕೋಚ್ ಆಗಿ ಪ್ರೊ ಕಬಡ್ಡಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ತಂಡವನ್ನು ಗೆಲ್ಲಿಸಿದರು. ಟಿವಿಯಲ್ಲಿ ನಾವು ರೈಡರ್‌ನನ್ನು ನೋಡುತ್ತೇವೆ. ಬದಿಯಲ್ಲಿ ನಿಂತವರನ್ನು ನೋಡುವುದು ಕಡಿಮೆ.

ನಮ್ಮ ಅಣ್ಣನಿಗೆ ಈ ಕೋರ್ಸಿನ ವಿಷಯ ಫೋನಿನಲ್ಲಿ ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಡಿಪ್ಲೊಮಾಕ್ಕೆ ಡಿಗ್ರಿ ಬೇಕು, ದೊಡ್ಡ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಬೇಕು, ಒಂದು ವರ್ಷ ಮನೆ ಬಿಟ್ಟಿರಬೇಕು. ಪಾಠ ಕನ್ನಡದಲ್ಲಿ ಇರುವುದಿಲ್ಲ. ಬೀಜದ ಅಂಗಡಿ ಸಂಬಳದಲ್ಲಿ ಸಂಸಾರ ನಡೆಸುವವರಿಗೆ ಇದು ಆಗುವ ಮಾತಲ್ಲ. ಕೊನೆಗೆ ಅಂದರು: ‘ನನ್ನ ಕಾಲ ಮುಗೀತು. ಅವನ್ನ ಕಳಸ್ರಿ.’

ಅವನು ಅಂದರೆ ಅವತ್ತು ಬಿದ್ದ ರೈಡರ್. ಬಿ.ಎ. ಮುಗಿಸಿ, ಯೂನಿವರ್ಸಿಟಿ ತಂಡಕ್ಕೂ ಆಡಿ, ಈಗ ಊರಿನ ಮಕ್ಕಳಿಗೆ ಅವನೇ ಕಲಿಸುತ್ತಿದ್ದ. ಆರು ವಾರದ ಕೋರ್ಸಿಗಾದರೂ ಹೋಗಲಿ ಅಂತ ನಾವು ಊರಲ್ಲಿ ಪಟ್ಟಿ ಎತ್ತಿದೆವು. ಟೂರ್ನಮೆಂಟಿನ ಟ್ರೋಫಿಗೆ ಐದು ಸಾವಿರ ಬರೆಸುವವರು ಇದಕ್ಕೆ ನೂರು ರೂಪಾಯಿ ಕೊಡಲೂ ಹಿಂದೆಮುಂದೆ ನೋಡಿದರು. ‘ಕಬಡ್ಡಿ ಆಡ್ಸಾಕ ಸಾಲಿ ಕಲೀಬೇಕೇನಪಾ?’ ಅಂತ ಒಬ್ಬ ಹಿರಿಯರು ಕೇಳಿದರು. ಅಣ್ಣ ಮೊದಲು ತಮ್ಮ ಹೆಸರಿನ ಮುಂದೆ ಒಂದು ಸಾವಿರ ಬರೆಸಿದರು. ಹಾಗೂ ಹೀಗೂ ದುಡ್ಡು ಕೂಡಿತು. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಅವನನ್ನು ರೈಲು ಹತ್ತಿಸಿದೆವು.

ತಿರುಗಿ ಬಂದ ದಿನ ಸಂಜೆಯೇ ಅವನು ನೀರಿನ ಕೊಡ ತಂದಿಟ್ಟ. ಮೈಯ ತೂಕದಲ್ಲಿ ನೂರಕ್ಕೆ 2 ಭಾಗದಷ್ಟು ನೀರು ಇಳಿದರೂ ಆಟದ ಕಸುವು ಕುಗ್ಗತೊಡಗುತ್ತದಂತೆ. 55 ಕೆ.ಜಿ. ಹುಡುಗನಿಗೆ ಅದು ಸುಮಾರು ಒಂದು ಲೀಟರ್ ಅಷ್ಟೇ. ನಾವು ಒಂದೇ ದಿನದಲ್ಲಿ ಎರಡು, ಮೂರು ಕೆ.ಜಿ. ಇಳಿಸಿಕೊಂಡು ಅಂಕಣಕ್ಕೆ ಇಳಿಯುತ್ತಿದ್ದವರು. ನೋಟ್‌ಬುಕ್‌ನಲ್ಲಿ ಪ್ರತಿ ಹುಡುಗನ ಹುಟ್ಟಿದ ದಿನ, ವಾರ ವಾರದ ತೂಕ, ಎಲ್ಲಿ ನೋವಿದೆ ಅನ್ನುವುದು ಬರೆಸುತ್ತಾನೆ. ತಪ್ಪು ಮಾಡಿದರೆ ನೂರು ಬಸ್ಕಿ ಹೊಡೆಸುವುದು ನಿಂತಿತು. ವಾರಕ್ಕೆ ಒಂದು ದಿನ ರಜೆ ಬಂತು. ‘ಏನ್ ಕಲ್ತು ಬಂದಿ?’ ಅಂತ ಕೇಳಿದೆವು. ‘ಯಾವಾಗ ನಿಲ್ಲಸ್ಬೇಕು ಅನ್ನೋದು ಕಲ್ತೆ’ ಅಂದ.

ಇದರಿಂದ ಎಲ್ಲ ಚಂದ ಆಯಿತು ಅಂತಲ್ಲ. ತೂಕ ಇಳಿಸಲು ಅವನು ಬಿಡುವುದಿಲ್ಲ. 57 ಇದ್ದ ಹುಡುಗ 60ರ ವಿಭಾಗದಲ್ಲೇ ಆಡಬೇಕು. ಹೋದ ಜಾತ್ರೆಯಲ್ಲಿ ನಮ್ಮ ಹುಡುಗರು ಮೊದಲ ಸುತ್ತಿನಲ್ಲೇ ಸೋತರು. ‘ಕೋರ್ಸ್ ಮಾಡ್ಕೊಂಡು ಬಂದು ಊರ ಮರ್ಯಾದಿ ಕಳೆದ’ ಅಂತ ಚಹಾದ ಅಂಗಡಿಯಲ್ಲಿ ಮಾತಾಯಿತು. ಅವನ ಮುಖ ಸಣ್ಣದಾಗಿತ್ತು. ಅಣ್ಣ ಅವನ ಹತ್ತಿರ ಹೋಗಿ ಕುಳಿತು, ಇಷ್ಟು ವರ್ಷ ಆಡದ ಮಾತು ಆಡಿದರು: ‘ತಮ್ಮಾ, ನಾ ಗೊತ್ತಿಲ್ಲದ ನಿನ್ನ ಸಾಯಿಸ್ತಿದ್ದೆ. ನೀ ಗೊತ್ತಿದ್ದು ಸೋತಿ. ಸೋಲು, ಏನಾಗಂಗಿಲ್ಲ.’ ಅಲ್ಲಿದ್ದ ನಾವು ಯಾರೂ ತಲೆ ಎತ್ತಲಿಲ್ಲ.

ಶಾಲೆಯ ಪಿ.ಟಿ. ಮಾಸ್ತರು ಓದಿ ಬಂದವರೇ. ಆದರೆ ಒಬ್ಬರೇ ಎಲ್ಲ ಆಟ ನೋಡಿಕೊಳ್ಳಬೇಕು. ಸಂಜೆ ಊರಿನ ಬಯಲಲ್ಲಿ ಮಕ್ಕಳನ್ನು ಕಾಯುವವರು ಇಂಥ ಅಣ್ಣಂದಿರು, ಅಕ್ಕಂದಿರು. ನಿಮ್ಮ ಊರಲ್ಲೂ ಒಬ್ಬರಿರುತ್ತಾರೆ. ಗೆದ್ದಾಗ ಅವರಿಗೆ ಶಾಲು ಹೊದಿಸುತ್ತೀರಿ. ಆ ಶಾಲಿನ ದುಡ್ಡು, ಟ್ರೋಫಿಯ ಎತ್ತರದಲ್ಲಿ ಒಂದು ಅಡಿಯ ದುಡ್ಡು ಅವರ ಕಲಿಕೆಗೆ ಇಡಿ. ಮಕ್ಕಳನ್ನು ಅವರ ಕೈಗೆ ಕೊಟ್ಟವರು ನಾವೇ ಅಲ್ಲವೇ?

ನಮ್ಮೂರಲ್ಲಿ ಹುಡುಗಿಯರಿಗೆ ಖೋಖೋ ಕಲಿಸುವ ತಂಗಿಯೊಬ್ಬಳಿದ್ದಾಳೆ. ಮುಂದಿನ ಸಲ ಕೋರ್ಸಿಗೆ ಅವಳ ಸರದಿ. ಈ ವರ್ಷದ ಜಾತ್ರೆ ಪಟ್ಟಿಯಲ್ಲಿ ಪೆಂಡಾಲು, ಮೈಕು, ಟ್ರೋಫಿಯ ಕೆಳಗೆ ಅದಕ್ಕೂ ಒಂದು ಸಾಲು ಬರೆದಿದ್ದೇವೆ. ಇಲ್ಲಿಯತನಕ ಎರಡು ಹೆಸರು ಬಿದ್ದಿವೆ. ಒಂದು ಅಣ್ಣನದು. ಇನ್ನೊಂದು, ಸಾಲಿ ಕಲೀಬೇಕೇನು ಅಂತ ಕೇಳಿದ್ದ ಹಿರಿಯರದು.