ಯಾದಗಿರಿಯ ಮಕ್ಕಳಿಗೆ ಎಷ್ಟು ಬಯಲು?

ಯಾದಗಿರಿ ಕೋಟೆ ನೋಡುವ ಮನಸ್ಸಿದ್ದವರು ಬೆಳಿಗ್ಗೆ ಏಳು ಗಂಟೆಯೊಳಗೆ ಬೆಟ್ಟ ಹತ್ತಿಬಿಡಬೇಕು. ಬೇಸಿಗೆಯಲ್ಲಿ ಪಾದರಸ ನಲವತ್ತು ಡಿಗ್ರಿ ದಾಟುವ ಊರಿದು. ಹೊತ್ತೇರಿದಂತೆ ಬಂಡೆಯೂ ಕಾಯುತ್ತದೆ. ಮೇಲೆ ಬುರುಜುಗಳಿವೆ, ತೋಪುಗಳಿವೆ, ಮಳೆನೀರು ಹಿಡಿದಿಡಲು ಹಿಂದಿನವರು ಮಾಡಿದ ಹೊಂಡಗಳಿವೆ. ಬಂದವರು ಅವನ್ನು ನೋಡಿ, ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಸ್ವಲ್ಪ ನಿಂತು ಕೆಳಗಿನ ಊರನ್ನೂ ನೋಡಿ ಎಂಬುದು ನನ್ನ ಕೋರಿಕೆ.

ಬೆಟ್ಟದ ಬುಡದ ಹಳೆಯ ಊರಿನಲ್ಲಿ ಮನೆಗೆ ಮನೆ ತಾಗಿದೆ. ಅದರಾಚೆ ಹೊಸ ಬಡಾವಣೆಗಳು ಹೊಲಗಳತ್ತ ಸರಿಯುತ್ತಿವೆ. 2001ರ ಜನಗಣತಿಯಲ್ಲಿ 58,802 ಇದ್ದ ಪಟ್ಟಣದ ಜನಸಂಖ್ಯೆ 2011ರಲ್ಲಿ 74,294 ಆಯಿತು. ಈ ನಡುವೆ ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿಯೇ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಬಂದವು, ನೌಕರರು ಬಂದರು, ಅವರ ಹಿಂದೆ ಮನೆಗಳೂ ಬಂದವು. ನಿನ್ನೆ ಹುಡುಗರು ಕ್ರಿಕೆಟ್ ಆಡುತ್ತಿದ್ದ ಖಾಲಿ ಪ್ಲಾಟಿನಲ್ಲಿ ಇಂದು ಪಾಯ ತೋಡಿರುತ್ತಾರೆ. ಪ್ಲಾಟಿನ ಯಜಮಾನನದು ಇದರಲ್ಲಿ ತಪ್ಪೇನಿಲ್ಲ. ಅದು ಎಂದೂ ಮೈದಾನ ಆಗಿರಲಿಲ್ಲ, ಅಷ್ಟೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ (ಮೇಷ್ಟರ ಚಾಳಿ, ತಂದೆತಾಯಿಗಳು ಸಹಿಸಿಕೊಳ್ಳಬೇಕು). ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ನಗರ ಯೋಜನಾ ಮಾರ್ಗಸೂಚಿಯಂತೆ ಪ್ರತಿಯೊಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಬೇಕು. ಕಡಿಮೆಯದನ್ನೇ ಹಿಡಿಯೋಣ. ಹತ್ತು ಚದರ ಮೀಟರ್ ಎಂದರೆ ಮನೆಯ ಒಂದು ಸಣ್ಣ ಕೋಣೆಯಷ್ಟು. 2011ರ ಜನಸಂಖ್ಯೆಗೇ ಅದು ಸುಮಾರು 74 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 184 ಎಕರೆ ಆಗುತ್ತದೆ! ಬೆಟ್ಟದ ಮೇಲೆ ನಿಂತು ಅಷ್ಟು ಬಯಲು ಊರೊಳಗೆ ಎಲ್ಲಿದೆ ಎಂದು ನೀವೇ ಹುಡುಕಿ.

ಏನೂ ಇಲ್ಲವೆಂದಲ್ಲ. ಕೆರೆಯ ದಡದಲ್ಲಿ ಲುಂಬಿನಿ ವನವಿದೆ, ಜಿಲ್ಲಾ ಕ್ರೀಡಾಂಗಣವಿದೆ. ಆದರೆ ಎರಡು ಮೈಲಿ ಆಚೆಯ ದೊಡ್ಡ ಉದ್ಯಾನ ಭಾನುವಾರಕ್ಕೆ ಸರಿ. ಎಂಟು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದ ಜಾಗ. ಹೆಣ್ಣುಮಕ್ಕಳ ವಿಷಯದಲ್ಲಂತೂ ದೂರವಾದರೆ ಆಟ ನಿಂತೇಹೋಗುತ್ತದೆ.

ಬಿಸಿಲ ನಾಡಿನಲ್ಲಿ ಉದ್ಯಾನಕ್ಕೆ ಇನ್ನೊಂದು ಕೆಲಸವೂ ಉಂಟು. ಸಂಜೆ ಆರಕ್ಕೆ ಸಿಮೆಂಟಿನ ಚಪ್ಪಡಿಯ ಮೇಲೆ ಅಂಗೈ ಇಡಿ, ಆಮೇಲೆ ಬೇವಿನ ಮರದಡಿಯ ಮಣ್ಣಿನ ಮೇಲಿಡಿ. ಕಲ್ಲು, ಕಾಂಕ್ರೀಟು ಹಗಲೆಲ್ಲ ಶಾಖ ಕುಡಿದು ರಾತ್ರಿ ಅದನ್ನು ಬಿಡುತ್ತವೆ. ಮರವಾದರೋ ನೆರಳು ಕೊಡುವುದಲ್ಲದೆ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲಿನ ಕಾವನ್ನೂ ಇಳಿಸುತ್ತದೆ. ನಮ್ಮಲ್ಲಿ ಹುಲ್ಲುಹಾಸು, ಕಾರಂಜಿಗಳ ಶೋಕಿ ಬೇಡವೇ ಬೇಡ. ನಾಲ್ಕು ಬೇವು, ನಾಲ್ಕು ಹೊಂಗೆ, ನಡುವೆ ಮಣ್ಣಿನ ಬಯಲು, ಕುಡಿಯಲು ನೀರು ಇದ್ದರೆ ಸಾಕು.

ಜಿಲ್ಲೆಯ ಉಳಿದ ಊರುಗಳಲ್ಲೂ ನಿಸರ್ಗ ಧಾರಾಳವಾಗಿದೆ. ಶಹಾಪುರದಲ್ಲಿ ಬೆಟ್ಟಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಆದರೆ ಅದು ಕಾಣುವುದು ಎದುರಿನ ಬಯಲು ತೆರವಾಗಿರುವ ತನಕ ಮಾತ್ರ. ಅಲ್ಲಿ ಎತ್ತರದ ಕಟ್ಟಡಗಳೆದ್ದರೆ ಬೆಟ್ಟ ಇದ್ದಲ್ಲೇ ಇರುತ್ತದೆ, ಬುದ್ಧ ಮಾತ್ರ ಮಾಯ! ಸುರಪುರದ ಬಳಿಯ ಬೋನಾಳ ಕೆರೆಯದು ಬೇರೆ ಕತೆ. ಸಂಸ್ಥಾನದ ನಾಯಕ ಅರಸರ ಕಾಲದ ಈ ಕೆರೆಯನ್ನು 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಕಾಲದಲ್ಲಿ ಮತ್ತೆ ಕಟ್ಟಲಾಯಿತು. ಕಟ್ಟಿದ್ದು ನೀರಿಗಾಗಿ. ಇಂದು ಅದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮಕ್ಕಳಿಗೆ ತೋರಿಸಬೇಕು. ಜಾಗ ಉಳಿದಿದ್ದರಿಂದ ಇದೆಲ್ಲ ಸಾಧ್ಯವಾಯಿತು.

ಜಾಗ ಉಳಿಸಲು ಕಾನೂನೂ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆ ಒಳ್ಳೆಯದೇ ಅಲ್ಲವೇ ಎಂಬ ವಾದ ನಡೆಯಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಕರ್ನಾಟಕದ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇಂಥ ಜಾಗಗಳ ಪಟ್ಟಿಯನ್ನೇ ತಯಾರಿಸಬೇಕೆಂದು ಹೇಳುತ್ತದೆ.

ಬರುವ ರಜೆಯಲ್ಲಿ ಹಿರಿಯರೊಬ್ಬರನ್ನು ಕರೆದುಕೊಂಡು ನಿಮ್ಮೂರಿನ ನಗರಸಭೆಗೆ ಹೋಗಿ, ಆ ಪಟ್ಟಿಯನ್ನೂ ನಿಮ್ಮ ಬಡಾವಣೆಯ ನಕ್ಷೆಯನ್ನೂ ಕೇಳಿ. ಕೊಡದಿದ್ದರೆ ಹಿರಿಯರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲಿ. ನಕ್ಷೆ ಸಿಕ್ಕ ಮೇಲೆ ಅದರಲ್ಲಿ ಉದ್ಯಾನವೆಂದು ಬರೆದ ಜಾಗಕ್ಕೆ ನಡೆದು ಹೋಗಿ, ಅಲ್ಲೇನಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.