ತಕ್ಕಡಿಯಲ್ಲಿ ಸಿಕ್ಕ ಎಣಿಕೆ

ಹೊರಮಾವು, 9 ಜೂನ್ 2024, ಭಾನುವಾರ

ಅಣ್ಣನ ಮಗಳು ಓದಲೆಂದು ನಮ್ಮ ಮನೆಗೆ ಬಂದಿದ್ದಾಳೆ. ಶಿರಾ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವಳು, ಈಗ ಪ್ರಥಮ ಪಿಯುಸಿ ವಿಜ್ಞಾನ. ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಮೋಲ್ ಎದುರಾಗುತ್ತದೆ. ಸಂಜೆ ನೋಟ್ಸ್ ತಂದು ತೋರಿಸಿದಳು. ಕೊಟ್ಟ ರಾಶಿಯನ್ನು ಮೋಲಾರ್ ರಾಶಿಯಿಂದ ಭಾಗಿಸಿದರೆ ಮೋಲ್‌ಗಳ ಸಂಖ್ಯೆ ಎಂಬ ಸೂತ್ರವನ್ನು ಚೌಕಟ್ಟು ಹಾಕಿ ಬರೆದುಕೊಂಡಿದ್ದಾಳೆ. ಕೆಳಗಿನ ಲೆಕ್ಕಗಳೆಲ್ಲ ಸರಿಯಾಗಿವೆ.

"ಉತ್ತರ ಬರುತ್ತೆ ಅತ್ತೆ. ಆದ್ರೆ ಏನು ಮಾಡ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ" ಎಂದಳು.

ಕಾಲೇಜಿನಲ್ಲಿ ಇದೇ ಪಾಠ ಮಾಡುವ ನನಗೆ ಈ ಮಾತು ಬಹಳ ಹಿಡಿಸಿತು. ಸರಿಯುತ್ತರ ಬಂದ ಮೇಲೆಯೂ ಪ್ರಶ್ನೆ ಉಳಿಸಿಕೊಳ್ಳುವ ಮಕ್ಕಳು ಕಡಿಮೆ.

12 ಜೂನ್, ಬುಧವಾರ

ಊಟವಾದ ಮೇಲೆ ಸೂತ್ರದ ಹಾಳೆ ಮುಚ್ಚಿಸಿ ನಾಣ್ಯದ ಮಾತು ತೆಗೆದೆ. 2011ರಲ್ಲಿ ಬಂದ ಮಾದರಿಯ ಐದು ರೂಪಾಯಿ ನಾಣ್ಯ 6 ಗ್ರಾಂ ತೂಗುತ್ತದೆ, ಒಂದು ರೂಪಾಯಿಯದು 3.79 ಗ್ರಾಂ. ದೇವಸ್ಥಾನದ ಹುಂಡಿಯಲ್ಲಿ ಐದು ರೂಪಾಯಿಯವನ್ನೇ ಬೇರೆ ಮಾಡಿ ತೂಗಿದಾಗ 6 ಕಿಲೋ ಬಂತೆನ್ನು, ಎಷ್ಟು ನಾಣ್ಯ? "ಸಾವಿರ" ಎಂದಳು ತಕ್ಷಣ. ಒಂದು ರೂಪಾಯಿಯವು ಸಾವಿರ ಬೇಕಾದರೆ? "ಮೂರು ಕಿಲೋ ಏಳುನೂರ ತೊಂಬತ್ತು ಗ್ರಾಂ."

ಒಂದನ್ನೂ ಮುಟ್ಟಿ ಎಣಿಸದೆ ಎಣಿಕೆ ಹೇಳಿದೆಯಲ್ಲ, ಮೋಲ್ ಎಂದರೆ ಇಷ್ಟೇ ಎಂದೆ. ಅಲ್ಲಿ ಸಾವಿರ, ಇಲ್ಲಿ 6.022 × 10²³. ಅಷ್ಟು ಕಾರ್ಬನ್ ಪರಮಾಣು ಸೇರಿದರೆ 12 ಗ್ರಾಂ, ಅಷ್ಟೇ ಆಮ್ಲಜನಕದ ಪರಮಾಣುಗಳಿಗೆ 16 ಗ್ರಾಂ. ಎಣಿಕೆ ಒಂದೇ, ತೂಕ ಬೇರೆ. ಆ ತೂಕವೇ ಮೋಲಾರ್ ರಾಶಿ. ಪರಮಾಣುಗಳು ಕೂಡುವುದು ಎಣಿಕೆಯ ಲೆಕ್ಕದಲ್ಲಿ, ನಮ್ಮ ಕೈಯಲ್ಲಿರುವುದು ತಕ್ಕಡಿ. ಎರಡರ ನಡುವೆ ಓಡಾಡಲು ಮೋಲ್ ಬೇಕು.

16 ಜೂನ್, ಭಾನುವಾರ

ಅಡುಗೆಮನೆಯ ತಕ್ಕಡಿಯಲ್ಲಿ 18 ಗ್ರಾಂ ನೀರು ತೂಗಿ ಲೋಟಕ್ಕೆ ಹಾಕಿದಳು. ಎರಡು ಹೈಡ್ರೋಜನ್, ಒಂದು ಆಮ್ಲಜನಕ, ಒಟ್ಟು 18: ಒಂದು ಮೋಲ್ ನೀರು. ಒಂದೇ ಗುಟುಕು. ಅದರ ಅಣುಗಳನ್ನು ಭೂಮಿಯ 800 ಕೋಟಿ ಜನ ಸೆಕೆಂಡಿಗೆ ಒಂದರಂತೆ ಬಿಡುವಿಲ್ಲದೆ ಎಣಿಸಿದರೂ ಸುಮಾರು 24 ಲಕ್ಷ ವರ್ಷ ಬೇಕು. ಈ ಭಾಗಾಕಾರವನ್ನು ಅವಳೇ ಮಾಡಿ, ನಂಬಿಕೆಯಾಗದೆ ಮತ್ತೆ ಮಾಡಿದಳು.

ಆಮೇಲೆ ಸಕ್ಕರೆ. ಅದರ ಒಂದು ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಮ್ಲಜನಕ. 144, 22, 176 ಕೂಡಿದರೆ 342. ಉಪ್ಪಿನದು 58.5. ಕಿಲೋ ಉಪ್ಪಿನಲ್ಲಿ 17 ಮೋಲ್‌ಗಿಂತ ತುಸು ಹೆಚ್ಚು, ಕಿಲೋ ಸಕ್ಕರೆಯಲ್ಲಿ 3 ಮೋಲ್ ಕೂಡ ಇಲ್ಲ. ಒಂದೇ ತೂಕದ ಎರಡು ಪೊಟ್ಟಣಗಳನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. ಇಂದು ಹೊಸ ಪಾಠಕ್ಕೆ ಹೋಗಲಿಲ್ಲ.

23 ಜೂನ್, ಭಾನುವಾರ

"ಈ ಸಂಖ್ಯೆನ ಅವೊಗಾಡ್ರೊ ಹೇಗೆ ಎಣಿಸಿದ್ರು?" ಎಂದು ಕೇಳಿದಳು. ಅವರು ಎಣಿಸಲೇ ಇಲ್ಲ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದು ಅವರು 1811ರಲ್ಲಿ ಊಹಿಸಿದರು. ರಸಾಯನಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದಕ್ಕೆ ಬೆಲೆ ಕೊಡಲಿಲ್ಲ. 1856ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷದ ಬಳಿಕ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಮ್ಮೇಳನ ನಡೆದಾಗ, ಆ ಊಹೆಯನ್ನು ಒಪ್ಪಿದರೆ ಪರಮಾಣು ತೂಕಗಳ ಗೊಂದಲವೆಲ್ಲ ತೀರುತ್ತದೆ ಎಂದು ಇಟಲಿಯ ಕನಿಜಾರೊ ತೋರಿಸಿಕೊಟ್ಟರು. ಆ ಸಭೆಯಲ್ಲಿ ತರುಣ ಮೆಂಡಲೀವ್ ಕೂಡ ಇದ್ದರು. ಸಂಖ್ಯೆಗೆ ಅವೊಗಾಡ್ರೊ ಹೆಸರಿಡಲು ಸೂಚಿಸಿದವರು ಫ್ರಾನ್ಸಿನ ಪೆರಾನ್, 1909ರಲ್ಲಿ.

1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿದಾಗ, 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಎಂಬುದೇ ಅದರ ವ್ಯಾಖ್ಯೆ. ಮುಂದೆ ವಿಜ್ಞಾನಿಗಳು ಸುಮಾರು ಒಂದು ಕಿಲೋ ತೂಕದ ಶುದ್ಧ ಸಿಲಿಕಾನ್-28 ಗೋಳ ಮಾಡಿ, ಅದರ ಗಾತ್ರವನ್ನೂ ಎಕ್ಸ್-ಕಿರಣದಿಂದ ಪರಮಾಣುಗಳ ನಡುವಿನ ಅಂತರವನ್ನೂ ಅಳೆದು ಎಣಿಕೆ ತೆಗೆದರು. 2019ರ ಮೇ 20ರಿಂದ ಮೋಲ್ ಎಂದರೆ ನಿಖರವಾಗಿ 6.02214076 × 10²³ ಕಣಗಳು. ತಾನು ಉರು ಹೊಡೆದ ಸಂಖ್ಯೆಯ ಹಿಂದೆ ಇನ್ನೂರು ವರ್ಷದ ಶ್ರಮವಿದೆ ಎಂದು ಹದಿನಾರರ ಹುಡುಗಿಗೆ ಗೊತ್ತಾಗಬೇಕು.

30 ಜೂನ್, ಭಾನುವಾರ

ಬೆಳಿಗ್ಗೆ ಅಪಾರ್ಟ್‌ಮೆಂಟಿನ ಸಭೆ. ಈ ಬೇಸಿಗೆಯಲ್ಲಿ ಬೋರ್‌ವೆಲ್ ಸೊರಗಿ, ಟ್ಯಾಂಕರಿಗೆ ಕಾದು ಎಲ್ಲರೂ ಬೇಸತ್ತಿದ್ದರು. ಬೋರ್‌ವೆಲ್ ನೀರಿನ ಪರೀಕ್ಷೆಯ ವರದಿ ಹಂಚಿದರು. ಲೀಟರಿಗೆ ಕ್ಯಾಲ್ಸಿಯಂ 120 ಮಿಲಿಗ್ರಾಂ, ಮೆಗ್ನೀಸಿಯಂ 43 ಮಿಲಿಗ್ರಾಂ; ಒಟ್ಟು ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, 480. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 200, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ.

ವರದಿಯನ್ನು ಅವಳ ಕೈಗೆ ಕೊಟ್ಟೆ. "120ಕ್ಕೆ 43 ಕೂಡಿದ್ರೆ 163 ತಾನೇ? 480 ಎಲ್ಲಿಂದ ಬಂತು?" ಎಂದಳು. ಸೋಪು ನೊರೆ ಬಾರದಂತೆ ಮಾಡುವುದು ಅಯಾನಿನ ತೂಕವಲ್ಲ, ಸಂಖ್ಯೆ; ಮೋಲ್‌ಗೆ ತಂದು ನೋಡು ಎಂದಷ್ಟೇ ಹೇಳಿದೆ. ಕ್ಯಾಲ್ಸಿಯಂ 40ರಿಂದ ಭಾಗಿಸಿ 3 ಮಿಲಿಮೋಲ್. ಮೆಗ್ನೀಸಿಯಂ 24ರಿಂದ ಭಾಗಿಸಿ ಸುಮಾರು 1.8. ಒಟ್ಟು 4.8. ಕ್ಯಾಲ್ಸಿಯಂ ಕಾರ್ಬೊನೇಟಿನ ಮೋಲಾರ್ ರಾಶಿ 40, 12, 48 ಸೇರಿ 100. ಗುಣಿಸಿದಾಗ 480! ಕುರ್ಚಿಯಿಂದ ಎದ್ದೇಬಿಟ್ಟಳು. ಎರಡು ಬೇರೆ ತೂಕದ ಲೋಹಗಳನ್ನು ಒಂದೇ ಎಣಿಕೆಗೆ ತರಲು ಪ್ರಯೋಗಾಲಯದವರು ಮಾಡಿದ್ದೂ ಅವಳ ನೋಟ್ಸಿನ ಅದೇ ಭಾಗಾಕಾರ.

ನಾನು ಹೇಳದೆಯೇ ಮುಂದಿನ ಲೆಕ್ಕಕ್ಕೆ ಕೈಹಾಕಿದಳು. ಒಂದು ಅಯಾನು ಸೋಪಿನ ಎರಡು ಘಟಕಗಳನ್ನು ಹಿಡಿದು ಬಿಳಿ ಗಸಿ ಮಾಡುತ್ತದೆ. ಸೋಡಿಯಂ ಸ್ಟಿಯರೇಟ್ ಸೋಪಿನ ಮೋಲಾರ್ ರಾಶಿ 306. 20 ಲೀಟರ್ ಬಕೆಟ್ಟಿನಲ್ಲಿ 0.096 ಮೋಲ್ ಅಯಾನು, ಅದಕ್ಕೆ 0.192 ಮೋಲ್ ಸೋಪು, ಅಂದರೆ ಸುಮಾರು 59 ಗ್ರಾಂ. ಇಡೀ ಬಕೆಟ್ಟಿನಲ್ಲಿ ನೊರೆ ನಿಲ್ಲುವ ಮೊದಲೇ ಅಷ್ಟು ಸೋಪು ವ್ಯರ್ಥ. "ಅಮ್ಮ ಇಲ್ಲಿಗೆ ಬಂದಾಗ ಸೋಪು ಸರಿಯಿಲ್ಲ ಅಂತಿದ್ರು" ಎಂದಳು.

7 ಜುಲೈ, ಭಾನುವಾರ

ಗೀಸರ್ ರಿಪೇರಿಗೆ ಬಂದವರು ಕಾಯಿಲ್ ಮೇಲಿನ ಬಿಳಿ ಪದರ ಕೆರೆದು ತೆಗೆದರು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ತೊಳೆದು ಒಣಗಿಸಿ 10 ಗ್ರಾಂ ತೂಗಿದೆವು: 0.1 ಮೋಲ್. ಅದು ಪೂರ್ತಿ ಕರಗಲು ಅಸಿಟಿಕ್ ಆಮ್ಲ 0.2 ಮೋಲ್, ಅಂದರೆ 12 ಗ್ರಾಂ ಬೇಕು. ನಮ್ಮ ವಿನೆಗರ್ ಬಾಟಲಿಯ ಮೇಲೆ ಶೇ. 4 ಎಂದಿದೆ, ಹಾಗಾಗಿ ಸುಮಾರು 300 ಮಿಲಿ. ಬೇಕೆಂದೇ 150 ಹಾಕಿಸಿದೆ. "ಅರ್ಧ ಉಳಿಯತ್ತೆ, ಐದು ಗ್ರಾಂ" ಎಂದು ಮೊದಲೇ ಬರೆದಿಟ್ಟಳು. ರಾತ್ರಿಯಿಡೀ ಬಿಟ್ಟು, ಸೋಸಿ, ಒಣಗಿಸಿ ತೂಗಿದಾಗ 6 ಗ್ರಾಂ. ಆಮ್ಲ ಪೂರ್ತಿ ಬಳಕೆಯಾಗದೆ ಉಳಿದಿರಬಹುದು, ಪದರದಲ್ಲಿ ಬೇರೆ ಲವಣವೂ ಇರಬಹುದು, ತಕ್ಕಡಿಯೂ ಒಂದು ಗ್ರಾಂಗಿಂತ ಕೆಳಗೆ ತೋರಿಸದು. ಈ ಕಾರಣಗಳನ್ನು ಅವಳೇ ಬರೆದಳು. ಮೊದಲು ಮುಗಿಯುವ ವಸ್ತುವೇ ಕ್ರಿಯೆ ಎಷ್ಟು ನಡೆಯಬೇಕೆಂದು ನಿರ್ಧರಿಸುತ್ತದೆ ಎಂಬ ಸೀಮಿತ ಕಾರಕದ ಪಾಠವನ್ನು ಇನ್ನು ಬೇರೆಯಾಗಿ ಹೇಳಬೇಕಿಲ್ಲ.

ಪದರ ಆಮ್ಲದಲ್ಲಿ ಕರಗುವಾಗ ಹೊರಬಿದ್ದ ಅನಿಲದ ಗಾತ್ರ ಕೇಳಿದಾಗ ಇನ್ನೊಂದು ಗೊಂದಲ: ಹಳೆಯ ಗೈಡಿನಲ್ಲಿ ಮೋಲ್‌ಗೆ 22.4 ಲೀಟರ್, ಅವಳ ಪಠ್ಯದಲ್ಲಿ 22.7. ಮೊದಲನೆಯದು ಒಂದು ಅಟ್ಮಾಸ್ಫಿಯರ್ ಒತ್ತಡಕ್ಕೆ, ಎರಡನೆಯದು ಒಂದು ಬಾರ್‌ಗೆ. ಉಷ್ಣತೆ ಎರಡರಲ್ಲೂ ಸೊನ್ನೆ ಡಿಗ್ರಿ. ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ಒತ್ತಡ ಕಡಿಮೆ, ಉಷ್ಣತೆ ಹೆಚ್ಚು, ಆದ್ದರಿಂದ ಗಾತ್ರ ಇನ್ನೂ ಜಾಸ್ತಿ.

20 ಅಕ್ಟೋಬರ್, ಭಾನುವಾರ

ಬುಧವಾರ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತದ ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಸುದ್ದಿ ಓದಿದವಳೇ ಕಾವೇರಿ ನೀರಿನ ಗಡಸುತನದ ವರದಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಸೋಪಿನ ಉಳಿತಾಯ ಲೆಕ್ಕ ಹಾಕಬೇಕಂತೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ರಸಾಯನಶಾಸ್ತ್ರ ಕಷ್ಟ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಲೇ ಇರುತ್ತೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳು ಹೊಸವು, ವಿಚಾರ ಹಿಡಿಯುವ ಶಕ್ತಿ ಬೇಕಾದಷ್ಟಿದೆ. ಅವರ ಮಾತಿನಲ್ಲೇ ಹೇಳಿ, ಅವರೇ ತೂಗಿ ನೋಡಲು ಬಿಟ್ಟರೆ ಸಾಕು. ಬರುವ ಜೂನ್‌ನಲ್ಲಿ ನನ್ನ ತರಗತಿಯ ಮೋಲ್ ಪಾಠ ಈ ನೀರಿನ ವರದಿಯಿಂದ ಶುರು. ಪ್ರತಿ ಬೆಂಚಿಗೂ ಒಂದೊಂದು ಪ್ರತಿ ಕೊಟ್ಟು, 480 ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಮಕ್ಕಳು ಉತ್ತರ ಹುಡುಕಿದ ಮೇಲೆಯೇ.