ಇಬ್ಬರ ಜಗಳದಲ್ಲಿ ಮೂರನೆಯವರು

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭವೆಂದು ಗಾದೆಯುಂಟು. ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮನ ಮನೆಯಲ್ಲಿ ಟೀವಿ ಇರಲಿಲ್ಲವೆಂಬುದು ನಿಸ್ಸಂಶಯ. ಗಾಂಧಿಬಜಾರಿನ ಹೂವಾಡಗಿತ್ತಿಯರಿಬ್ಬರು ಪೈಪೋಟಿಗೆ ಬಿದ್ದರೆ ಗಾದೆ ಸತ್ಯವಾಗುತ್ತದೆ. ಒಬ್ಬಾಕೆ ಮೊಳಕ್ಕೆ ಹತ್ತು ರೂಪಾಯಿ ಹೆಚ್ಚು ಹೇಳಿದರೆ ನಮ್ಮ ಮನೆಯಾಕೆ ಎರಡು ಹೆಜ್ಜೆ ಮುಂದಿಟ್ಟು ಇನ್ನೊಬ್ಬಾಕೆಯ ಬುಟ್ಟಿಯ ಬಳಿ ನಿಲ್ಲುತ್ತಾಳೆ. ಗಿರಾಕಿಯ ಬಲವೆಲ್ಲ ಆ ಎರಡು ಹೆಜ್ಜೆಯಲ್ಲಿಯೇ ಅಡಗಿದೆ. ಟೀವಿಯ ವ್ಯಾಪಾರದಲ್ಲಿ ಆ ಎರಡು ಹೆಜ್ಜೆ ಎಷ್ಟು ದೂರವೆಂಬುದನ್ನೇ ನಾನಿಲ್ಲಿ ನಿವೇದಿಸಬೇಕೆಂದಿದ್ದೇನೆ.

ಪೈಪೋಟಿಯಿಂದ ಒಳಿತೇ ಆಗಲಿಲ್ಲವೆಂದರೆ ಕೃತಘ್ನತೆಯಾದೀತು. 1990ರ ದಶಕದಲ್ಲಿ ನಮ್ಮ ಬೀದಿಗೆಲ್ಲ ಒಬ್ಬನೇ ಕೇಬಲ್ಲಿನವನು. ಅವನು ತಂತಿ ಎಳೆದದ್ದೇ ದಾರಿ, ಕೇಳಿದ್ದೇ ಬಾಡಿಗೆ. ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ಚಿತ್ರ ಮಾಯವಾದರೆ ಅವನ ಕೃಪೆಗಾಗಿ ಕಾಯಬೇಕಿತ್ತು. 1995ರಲ್ಲಿ ಕೇಬಲ್ ಜಾಲಗಳಿಗೆಂದು ಕಾಯಿದೆಯೊಂದು ಬಂದಿತಾದರೂ ಬೀದಿಯ ಈ ದೊರೆತನಕ್ಕೆ ಚ್ಯುತಿಯೊದಗಲಿಲ್ಲ. ಚ್ಯುತಿ ಬಂದದ್ದು ಆಕಾಶಮಾರ್ಗದಿಂದ! 2003ರಲ್ಲಿ ಡಿಶ್ ಟೀವಿ, 2006ರಲ್ಲಿ ಟಾಟಾ ಸ್ಕೈ, ಮರುವರ್ಷ ಸನ್ ಡೈರೆಕ್ಟ್. ಹೀಗೆ 2009ರ ವೇಳೆಗೆ ಆರು ಖಾಸಗಿ ಸಂಸ್ಥೆಗಳು ಉಪಗ್ರಹದಿಂದ ನೇರವಾಗಿ ನಮ್ಮ ತಾರಸಿಗಳ ಮೇಲೆ ಇಳಿದಿದ್ದವು. ಒಬ್ಬರು ಮೊದಲ ತಿಂಗಳು ಉಚಿತವೆಂದರೆ ಇನ್ನೊಬ್ಬರು ಪೆಟ್ಟಿಗೆಯ ಬೆಲೆಯನ್ನೇ ಇಳಿಸಿದರು. ನಮ್ಮ ಕೇಬಲ್ಲಿನವನ ಬಾಯಲ್ಲಿ ಮೊಟ್ಟಮೊದಲ ಬಾರಿಗೆ ‘ಸಾರ್’ ಎಂಬ ಪದ ಕೇಳಿಬಂದದ್ದು ಆ ಕಾಲದಲ್ಲಿಯೇ.

ಆದರೆ ಈ ಉಪಚಾರವೆಲ್ಲ ಪೆಟ್ಟಿಗೆ ಗೋಡೆಗೇರುವ ತನಕ ಮಾತ್ರ. ಕೆಲವು ವರ್ಷಗಳ ತರುವಾಯ, ದರ ಏರುತ್ತಲೇ ಹೋದುದರಿಂದ, ನಾವು ಒಂದು ಸಂಸ್ಥೆಯನ್ನು ಬಿಟ್ಟು ಮತ್ತೊಂದನ್ನು ಆಶ್ರಯಿಸಿದೆವು. ಹೊಸ ಡಿಶ್ಶನ್ನು ಕೂರಿಸಲು ಬಂದ ಹುಡುಗನನ್ನು ಅಮ್ಮ ಕೇಳಿದರು:

“ಹಳೆಯದಕ್ಕೆ ಏನಾಗಿದೆಯಪ್ಪ? ಚೆನ್ನಾಗಿಯೇ ಇದೆಯಲ್ಲ!”

“ಅದಕ್ಕೆ ನಮ್ಮ ಕಂಪೆನಿಯ ಸಿಗ್ನಲ್ ಬರೋದಿಲ್ಲ ಅಜ್ಜಿ.”

“ಆಕಾಶ ಒಂದೇ ಅಲ್ಲವೇನಪ್ಪ?”

ಹುಡುಗ ನಕ್ಕು ಸುಮ್ಮನಾದ. ಅಮ್ಮನ ಪ್ರಶ್ನೆಯಾದರೋ ದೊಡ್ಡದು. 2011ರಿಂದ ನಮ್ಮ ದೇಶದಲ್ಲಿ ಮೊಬೈಲಿನ ಸಂಖ್ಯೆಯನ್ನು ಬದಲಿಸದೆಯೇ ಕಂಪೆನಿಯನ್ನು ಬದಲಿಸುವ ಸೌಕರ್ಯವುಂಟು. ಟೀವಿಯ ಪೆಟ್ಟಿಗೆಗೆ ಆ ಭಾಗ್ಯವಿಲ್ಲ. ಒಂದು ಸಂಸ್ಥೆಯ ಪೆಟ್ಟಿಗೆ ಇನ್ನೊಂದರ ಮಾತಿಗೆ ಕಿವುಡು. ಯಾವ ಪೆಟ್ಟಿಗೆಯಾದರೂ ಯಾವ ಸಂಸ್ಥೆಗಾದರೂ ಒದಗುವಂತಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಶಿಫಾರಸು ಮಾಡಿತು. ಆದರೆ ಶಿಫಾರಸು ಬೇರೆ, ಮನೆಯ ಗೋಡೆಯ ಮೇಲಿನ ಪೆಟ್ಟಿಗೆ ಬೇರೆ. ನಮ್ಮ ಹಳೆಯ ಡಿಶ್ಶು ತಾರಸಿಯಲ್ಲಿ ಬಾಣಲೆಯಂತೆ ಬಿದ್ದುಕೊಂಡು ಮಳೆನೀರು ಹಿಡಿಯುತ್ತಿದೆ.

ಗಿರಾಕಿಗೆ ಸ್ವಾತಂತ್ರ್ಯ ಕೊಡುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2019ರ ಫೆಬ್ರವರಿಯಲ್ಲಿ ಅದೇ ಪ್ರಾಧಿಕಾರದ ಹೊಸ ನಿಯಮ ಜಾರಿಗೆ ಬಂದಿತು. ಬೇಕಾದ ವಾಹಿನಿಯನ್ನು ಮಾತ್ರ ಆರಿಸಿಕೊಳ್ಳಿ, ಅದಕ್ಕೆ ಮಾತ್ರ ಹಣ ಕೊಡಿ ಎಂಬುದು ಅದರ ಸಾರ. ಮನೆಯಾಕೆ ಪಂಚಾಂಗದ ಹಿಂಬದಿಯಲ್ಲಿ ಪಟ್ಟಿ ಬರೆದಳು. ಮೊದಲ ನೂರು ವಾಹಿನಿಗಳನ್ನು ಮನೆಗೆ ತಲಪಿಸುವ ಶುಲ್ಕವೇ 130 ರೂಪಾಯಿ. ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ವಾಹಿನಿಗಳ ಬೆಲೆ ಅದರ ಮೇಲೆ. 19 ರೂಪಾಯಿಗಿಂತ ಹೆಚ್ಚು ಬೆಲೆಯ ವಾಹಿನಿಯನ್ನು ಗುಚ್ಛದಲ್ಲಿ ಸೇರಿಸಕೂಡದೆಂದು ಮಿತಿ ಹಾಕಿದರೆ, ಜನಪ್ರಿಯ ವಾಹಿನಿಗಳು ಅನೇಕವು ಆ 19ನ್ನೇ ತಮ್ಮ ಬೆಲೆಯೆಂದು ಸಾರಿದವು! ಬಿಡಿಯಾಗಿ ಕೊಂಡರೆ ದುಬಾರಿ, ಗುಚ್ಛವಾಗಿ ಕೊಂಡರೆ ಬೇಡದವುಗಳ ಸಂತೆ. ಮೂರು ಸಲ ಕೂಡಿ ಕಳೆದು ಕೊನೆಗೆ ಅವಳು ಗುಚ್ಛವನ್ನೇ ಹಿಡಿದಳು.

ಇವೆಲ್ಲ ಹಣದ ಮಾತಾಯಿತು. ಹಣಕ್ಕೆ ಮೀರಿದ್ದೂ ಒಂದುಂಟು. 2022ರ ನವೆಂಬರಿನಲ್ಲಿ ಆ ನಿಯಮದ ತಿದ್ದುಪಡಿಯಾಯಿತು. ಪ್ರಸಾರ ಸಂಸ್ಥೆಗಳು ದರ ಏರಿಸಿದವು. ಅನೇಕ ದೊಡ್ಡ ಕೇಬಲ್ ಸಂಸ್ಥೆಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಲೊಲ್ಲೆವೆಂದವು. 2023ರ ಫೆಬ್ರವರಿಯಲ್ಲಿ, ಸಹಿ ಹಾಕದ ಕೇಬಲ್ಲಿನವರಿಗೆ ಪ್ರಸಾರವನ್ನೇ ಕಡಿದುಹಾಕಲಾಯಿತು. ಅಮ್ಮ ಆಗ ಮೈಸೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದರು. ಎಂಬತ್ತೆರಡರ ವಯಸ್ಸು, ಓದಲು ಕಣ್ಣು ಸಾಲದು, ಮೆಟ್ಟಿಲಿಳಿಯಲು ಮಂಡಿ ಒಪ್ಪದು. ಸಂಜೆ ದೀಪ ಹಚ್ಚಿದ ಮೇಲೆ ಕನ್ನಡದ ಎರಡು ಧಾರಾವಾಹಿಗಳೇ ಅವರಿಗೆ ನೆರೆಹೊರೆ. ಆ ನೆರೆಹೊರೆ ಒಂದು ದಿನ ಹೇಳದೆ ಕೇಳದೆ ಬಾಗಿಲು ಹಾಕಿಕೊಂಡಿತು. ಕೇಬಲ್ಲಿನವನನ್ನು ಕೇಳಿದರೆ ವಾಹಿನಿಯವರತ್ತ ಬೆರಳು; ವಾಹಿನಿಯವರನ್ನು ಕೇಳಿದರೆ ಕೇಬಲ್ಲಿನವನತ್ತ. ತಿಂಗಳ ಹಣವನ್ನು ಮುಂಗಡವಾಗಿ ತೆತ್ತಿದ್ದ ತಂಗಿಯತ್ತ ಮಾತ್ರ ಯಾರೂ ನೋಡಲಿಲ್ಲ. ಕೆಲವೇ ದಿನಗಳಲ್ಲಿ ಸಹಿಯಾಯಿತು, ಚಿತ್ರ ಮರಳಿತು. ಆ ಸಂಜೆಗಳು ಮರಳಲಿಲ್ಲ. “ಅವರವರ ಜಗಳ ನಮಗೇಕಮ್ಮ?” ಎಂದು ಅಮ್ಮ ತಂಗಿಯನ್ನು ಕೇಳಿದರಂತೆ.

ಪೈಪೋಟಿ ಬೇಡವೆಂದು ನಾನು ಹೇಳಲಾರೆ. ಒಬ್ಬನೇ ದೊರೆಯಿದ್ದ ಬೀದಿಯನ್ನೂ ಕಂಡವನು ನಾನು. ಆರು ಸಂಸ್ಥೆಗಳಲ್ಲಿ ಎರಡು 2018ರಲ್ಲಿ ಒಂದಾದಾಗ ನನಗೆ ಸಂತೋಷಕ್ಕಿಂತ ಕಳವಳವೇ ಹೆಚ್ಚಾಯಿತು. ಆದರೆ ಅಂಗಡಿಗಳು ಎಷ್ಟಿವೆಯೆಂಬುದರಿಂದ ಗಿರಾಕಿಯ ಹಿತವನ್ನು ಅಳೆಯಲಾಗದು. ಒಂದರಿಂದ ಇನ್ನೊಂದಕ್ಕೆ ಅವನು ಎಷ್ಟು ಸುಲಭವಾಗಿ ನಡೆದುಹೋಗಬಲ್ಲನೆಂಬುದೇ ಅಳತೆಗೋಲು. ಆದುದರಿಂದ ಹೊಸ ಸಂಪರ್ಕ ಪಡೆಯುವ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೆ: ‘ಎಷ್ಟು ವಾಹಿನಿ ಕೊಡುತ್ತೀರಿ?’ ಎಂದು ಕೇಳುವುದಕ್ಕೆ ಮುಂಚೆ, ‘ಬಿಟ್ಟುಹೋಗಬೇಕಾದರೆ ನಮಗೆಷ್ಟು ನಷ್ಟ?’ ಎಂದು ಕೇಳಿರಿ. ವರ್ಷದ ಹಣವನ್ನು ಒಮ್ಮೆಗೇ ತೆರುವ ಮುನ್ನ ಒಂದು ರಾತ್ರಿ ಯೋಚಿಸಿರಿ. ಹೊರಹೋಗುವ ಬಾಗಿಲು ತೆರೆದಿರುವ ಮನೆಯಲ್ಲಿಯೇ ಅತಿಥಿಗೆ ಕೊನೆಯವರೆಗೂ ಮರ್ಯಾದೆ.